ಕಸದ ಡಬ್ಬಿಯ ದೂರು, ಕೊವೆಂಟ್ರಿಯ ಕಡತ

ಇಂಗ್ಲೆಂಡಿನಲ್ಲಿ ಕಸದ ಲಾರಿ ಬರುವ ದಿನ ಮನೆಯವರೇ ಚಕ್ರದ ಡಬ್ಬಿಯನ್ನು ರಸ್ತೆಬದಿಗೆ ಉರುಳಿಸಿ ತಂದು ನಿಲ್ಲಿಸಬೇಕು. ಕೈಲಾಗದ ವೃದ್ಧರಿಗೆ, ಅಂಗವಿಕಲರಿಗೆ ವಿನಾಯಿತಿ ಉಂಟು. ಮೊದಲೇ ಹೆಸರು ಬರೆಸಿದ್ದರೆ ಲಾರಿಯವರೇ ಮನೆಬಾಗಿಲಿನಿಂದ ಡಬ್ಬಿ ಒಯ್ದು, ಖಾಲಿ ಮಾಡಿ, ಮತ್ತೆ ಅಲ್ಲೇ ತಂದಿಡಬೇಕು. ಆದರೆ ಗುತ್ತಿಗೆದಾರ ಬದಲಾದಾಗಲೋ ಲಾರಿಯ ತಂಡ ಬದಲಾದಾಗಲೋ ಆ ಹೆಸರು ಪಟ್ಟಿಯಿಂದ ಜಾರಿಹೋಗುತ್ತದೆ. ಮನೆಯಾಕೆ ಕೌನ್ಸಿಲಿಗೆ ಫೋನ್ ಮಾಡುತ್ತಾಳೆ. ‘ಇನ್ನು ಹೀಗಾಗುವುದಿಲ್ಲ’ ಎನ್ನುತ್ತಾರೆ. ಮುಂದಿನ ವಾರ ಮತ್ತೆ ಅದೇ ಕತೆ.

ಕೌನ್ಸಿಲ್ ಎಂದರೆ ಹೆಚ್ಚುಕಡಿಮೆ ನಮ್ಮ ನಗರಸಭೆ, ಪಾಲಿಕೆಗಳ ಹಾಗೆ. ಆದರೆ ಅದರ ಹೆಗಲ ಮೇಲಿನ ಹೊರೆ ದೊಡ್ಡದು. ಕಸ, ರಸ್ತೆಗಳ ಜೊತೆಗೆ ಮನೆಯಿಲ್ಲದವರಿಗೆ ಸೂರು, ವೃದ್ಧರ ಆರೈಕೆ, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣವೂ ಅದರ ಪಾಲಿಗೇ ಬರುತ್ತವೆ. ಅಲ್ಲಿ ನ್ಯಾಯ ಸಿಗದ ದೂರುಗಳು ಕೊನೆಗೆ ಬಂದು ಸೇರುವುದು ಕೊವೆಂಟ್ರಿ ನಗರದ ಒಂದು ಕಚೇರಿಗೆ: ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್. ಕಸದ ಡಬ್ಬಿಯೆಂದು ಇದು ಮೂಗು ಮುರಿಯುವುದಿಲ್ಲ. 2018ರಲ್ಲಿ ಬರೀ ಕಸ ಸಂಗ್ರಹದ ದೂರುಗಳ ಬಗ್ಗೆಯೇ ಒಂದು ಪ್ರತ್ಯೇಕ ವರದಿ ಹೊರತಂದಿತ್ತು.

ಆಡಳಿತದ ಮೇಲೆ ಜನರ ಪರವಾಗಿ ಕಣ್ಣಿಡುವ ಇಂಥ ಹುದ್ದೆ ಮೊದಲು ಹುಟ್ಟಿದ್ದು 1809ರ ಸ್ವೀಡನ್ನಿನಲ್ಲಿ. ಬ್ರಿಟನ್ ಅದನ್ನು ತಂದುಕೊಂಡದ್ದು 1967ರಲ್ಲಿ, ಅದೂ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಮಾತ್ರ. ಕೌನ್ಸಿಲುಗಳ ಸರದಿ ಬಂದದ್ದು 1974ರ ಕಾಯ್ದೆಯಿಂದ. ಅದರಿಂದ ಹುಟ್ಟಿದ ಈ ಸಂಸ್ಥೆಗೆ ಬ್ಯಾರೊನೆಸ್ ಸೆರೋಟಾ ಮೊದಲ ಅಧ್ಯಕ್ಷೆ. ಆಗ ಒಂದು ವಿಚಿತ್ರ ನಿಯಮವಿತ್ತು: ಜನ ನೇರವಾಗಿ ದೂರು ಕೊಡುವಂತಿರಲಿಲ್ಲ, ಕೌನ್ಸಿಲರ್ ಒಬ್ಬರ ಮೂಲಕವೇ ಕಳಿಸಬೇಕಿತ್ತು. ಯಾರ ಮೇಲೆ ದೂರೋ ಅವರ ಮನೆಯವರ ಕೈಯಲ್ಲೇ ಅರ್ಜಿ! 1988ರ ಕಾಯ್ದೆ ಈ ಅಡ್ಡಗೋಡೆಯನ್ನು ತೆಗೆಯಿತು. ಹೆಸರಿಗೆ ‘ಸೋಶಿಯಲ್ ಕೇರ್’ ಸೇರಿಕೊಂಡದ್ದು 2017ರಲ್ಲಿ.

ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಕೌನ್ಸಿಲಿನ ಮುಂದೆಯೇ ದೂರಿಟ್ಟು, ಅದು ಸರಿಪಡಿಸಲು ಅವಕಾಶ ಕೊಟ್ಟಿರಬೇಕು. ಅದಕ್ಕೆ ಸುಮಾರು 12 ವಾರ ಸಾಕು ಎಂಬುದು ಕಚೇರಿಯ ಲೆಕ್ಕಾಚಾರ. ಸಮಸ್ಯೆ ಗೊತ್ತಾದ 12 ತಿಂಗಳೊಳಗೆ ಒಂಬುಡ್ಸ್‌ಮನ್ ಬಾಗಿಲು ತಟ್ಟಬೇಕು. ಬೇರೆ ಕಡೆ ಮೇಲ್ಮನವಿಗೆ ದಾರಿಯಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಎನ್ನುತ್ತಾರೆ. ಪಾರ್ಕಿಂಗ್ ದಂಡಕ್ಕೆ ಟ್ರಿಬ್ಯೂನಲ್ ಇದೆ. ಕೌನ್ಸಿಲ್ ಮನೆಗಳ ಬಾಡಿಗೆದಾರರ ತಕರಾರಿಗೆ ಬೇರೆಯೇ ಹೌಸಿಂಗ್ ಒಂಬುಡ್ಸ್‌ಮನ್ ಇದ್ದಾರೆ.

ಇಷ್ಟು ದಾಟಿ ಒಳಬಂದ ದೂರಿನಲ್ಲಿ ಈ ಕಚೇರಿ ಏನನ್ನು ನೋಡುತ್ತದೆ ಎಂಬುದನ್ನು ದೂರುದಾರರೇ ಎಷ್ಟೋ ಸಲ ತಪ್ಪು ತಿಳಿದಿರುತ್ತಾರೆ. ಕೌನ್ಸಿಲಿನ ತೀರ್ಮಾನ ಸರಿಯೋ ತಪ್ಪೋ ಎಂದು ಅದು ಕೇಳುವುದಿಲ್ಲ. ಆ ತೀರ್ಮಾನಕ್ಕೆ ಬಂದ ಬಗೆ ಸರಿಯಿತ್ತೇ ಎಂದಷ್ಟೇ ಕೇಳುತ್ತದೆ. ಪಕ್ಕದ ಮನೆಯವರು ಮೇಲೊಂದು ಅಂತಸ್ತು ಕಟ್ಟಲು ಅನುಮತಿ ಪಡೆದರು ಎನ್ನಿ. ಅವರ ಹೊಸ ಕಿಟಕಿ ನೇರ ನಿಮ್ಮ ಮಲಗುವ ಕೋಣೆಗೇ ಕಣ್ಣು ಹಾಯಿಸುತ್ತದೆ. ಆ ಅನುಮತಿಯನ್ನು ರದ್ದು ಮಾಡುವುದು ಒಂಬುಡ್ಸ್‌ಮನ್‌ ಕೈಲಾಗದ ಕೆಲಸ. ಆದರೆ ನೀವು ಬರೆದ ಆಕ್ಷೇಪಣೆಯನ್ನು ಅಧಿಕಾರಿ ಓದಿಯೇ ಇರಲಿಲ್ಲವೇ? ವರದಿಯಲ್ಲಿ ಆ ಕಿಟಕಿಯ ಪ್ರಸ್ತಾಪವೇ ಇಲ್ಲವೇ? ಹಾಗಿದ್ದರೆ ಅದು ಲೋಪ.

ಲೋಪ ಸಿಕ್ಕಿತೆಂದರೆ ಗೆದ್ದಂತಲ್ಲ. ಅದರಿಂದ ನಿಮಗೆ ಅನ್ಯಾಯವಾಯಿತೇ ಎಂಬ ಎರಡನೆಯ ಪ್ರಶ್ನೆ ಕಾದಿರುತ್ತದೆ. ಆಕ್ಷೇಪಣೆಯನ್ನು ಓದಿದ್ದರೂ ಅನುಮತಿ ಸಿಕ್ಕೇ ಸಿಗುತ್ತಿತ್ತು ಎಂದು ಕಡತ ಹೇಳಿದರೆ ಕಿಟಕಿ ಅಲ್ಲೇ ಉಳಿಯುತ್ತದೆ. ‘ತಪ್ಪು ಮಾಡಿದ್ದಾರೆ, ಆದರೂ ನಿಮಗೆ ಹೆಚ್ಚೇನೂ ಸಿಗದು’ ಎಂಬ ಮಾತು ಎಂಥ ತಾಳ್ಮೆಯವರನ್ನೂ ಕೆರಳಿಸುತ್ತದೆ. ಆದರೂ ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟಿದ್ದರಿಂದಲೇ ಈ ಕಚೇರಿಯ ಮಾತಿಗೆ ಕೌನ್ಸಿಲುಗಳೂ ಕಿವಿಗೊಡುತ್ತವೆ ಎಂದು ನನಗನ್ನಿಸುತ್ತದೆ. ಚುನಾಯಿತರ ಕುರ್ಚಿಯಲ್ಲಿ ತಾನು ಕೂರಲು ಹೋಗುವುದಿಲ್ಲ ಎಂಬ ಭರವಸೆ ಅದರಲ್ಲಿದೆ. ಇಂಥ ಲೋಪಕ್ಕೆ ಕಾನೂನಿನ ಮಾತು ‘ದುರಾಡಳಿತ’. ಹಾಗೆಂದರೇನೆಂದು ಕಾಯ್ದೆ ಹೇಳದೆ ಬಿಟ್ಟಿತ್ತು. 1967ರ ಕಾಯ್ದೆ ಇನ್ನೂ ಮಸೂದೆಯಾಗಿದ್ದಾಗ, 1966ರಲ್ಲಿ, ಸಂಸತ್ತಿನಲ್ಲಿ ಸಚಿವ ರಿಚರ್ಡ್ ಕ್ರಾಸ್‌ಮನ್ ಪಕ್ಷಪಾತ, ನಿರ್ಲಕ್ಷ್ಯ, ವಿಳಂಬ, ಅದಕ್ಷತೆ ಎಂದೆಲ್ಲ ಎಣಿಸುತ್ತ ಹೋಗಿ, ಪಟ್ಟಿಯನ್ನು ಮುಗಿಸದೆಯೇ ನಿಲ್ಲಿಸಿದರು. ಆ ತೆರೆದ ಪಟ್ಟಿಯೇ ಈ ಕಚೇರಿಯ ಬಂಡವಾಳವಾಯಿತು.

ತನಿಖೆ ಬಹುಪಾಲು ಕಾಗದದಲ್ಲೇ ನಡೆಯುತ್ತದೆ, ಕಟಕಟೆಯಿಲ್ಲ, ಪಾಟೀಸವಾಲಿಲ್ಲ. ಕಸದ ದೂರಾದರೆ ಆ ಮನೆಯಾಕೆ ಎಷ್ಟು ಸಲ ಕರೆ ಮಾಡಿದಳು, ಯಾರು ಏನು ಬರೆದುಕೊಂಡರು, ಗುತ್ತಿಗೆದಾರನಿಗೆ ಹೋದ ಇಮೇಲ್ ಯಾವುದು, ಎಲ್ಲವನ್ನೂ ತನಿಖಾಧಿಕಾರಿ ತರಿಸಿಕೊಳ್ಳುತ್ತಾರೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಹೈಕೋರ್ಟಿಗೆ ಸಮನಾದ ಅಧಿಕಾರವಿದೆ. ‘ಅದು ಗುತ್ತಿಗೆದಾರನ ತಪ್ಪು’ ಎಂದರೆ ಇಲ್ಲಿ ನಡೆಯದು. ಕೆಲಸ ಹೊರಗೆ ಕೊಡಬಹುದು, ಹೊಣೆ ಕೊಡಲಾಗದು.

ಇಡೀ ವ್ಯವಸ್ಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಹೆಜ್ಜೆ. ಅಂತಿಮ ನಿರ್ಣಯಕ್ಕೆ ಮುಂಚೆ ಅದರ ಕರಡು ಎರಡೂ ಕಡೆಯವರಿಗೆ ಹೋಗುತ್ತದೆ. ಆಕೆಯೂ ಓದಬಹುದು, ಕೌನ್ಸಿಲೂ ಓದಬಹುದು. ಇಲ್ಲಿ ತಪ್ಪಿದೆ, ಈ ದಾಖಲೆ ನೋಡಿಲ್ಲ ಎಂದು ಬರೆಯಬಹುದು. ಕಚೇರಿಯ ಮೇಜಿನಾಚೆ ನಿಂತು ‘ನಾಳೆ ಬನ್ನಿ’ ಕೇಳಿಸಿಕೊಂಡೇ ರೂಢಿಯಾದ ನಮ್ಮಂಥವರಿಗೆ, ನಿರ್ಣಯ ಆಗುವ ಮೊದಲೇ ಅದನ್ನು ಓದಲು ಕೊಡುವುದು ಎಂಥ ಮರ್ಯಾದೆ ಎಂಬುದು ಬೇಗ ಅರ್ಥವಾಗುತ್ತದೆ.

ಪರಿಹಾರವೆಂದರೆ ದಂಡವಲ್ಲ. ಲೋಪ ಆಗದಿದ್ದರೆ ಆಕೆ ಯಾವ ಸ್ಥಿತಿಯಲ್ಲಿ ಇರುತ್ತಿದ್ದಳೋ ಅಲ್ಲಿಗೆ ಆದಷ್ಟೂ ಮರಳಿಸುವುದು. ಮೊದಲು ಕ್ಷಮಾಪಣೆ. ಅದನ್ನು ಬರೆಯುವುದು ಹೇಗೆಂಬುದಕ್ಕೂ ಮಾರ್ಗದರ್ಶಿ ಉಂಟು: ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಎಂಬ ನುಣುಚು ಮಾತು ಸಲ್ಲದು, ತಪ್ಪು ತಮ್ಮದೇ ಎಂದು ಒಪ್ಪಿರಬೇಕು. ಮನನೋವಿಗೆ ಕೊಡಿಸುವ ಹಣ ಸಾಮಾನ್ಯವಾಗಿ 500 ಪೌಂಡ್ ದಾಟುವುದಿಲ್ಲ. ಕಸದ ವಿಷಯದಲ್ಲಿ ಇದಕ್ಕಿಂತ ಉಪಯೋಗದ್ದು ಮುಂದಿನ ಕೆಲವು ವಾರ ಆ ಮನೆಯ ಡಬ್ಬಿ ಖಾಲಿಯಾಯಿತೇ ಎಂದು ಅಧಿಕಾರಿಯೇ ನಿಗಾ ಇಡಬೇಕೆಂಬ ಸೂಚನೆ. ಒಬ್ಬರ ದೂರಿನಲ್ಲಿ ಕಂಡ ದೋಷ ಇನ್ನೂ ಹಲವರನ್ನು ತಟ್ಟಿರಬಹುದೆಂಬ ಅನುಮಾನ ಬಂದರೆ, ಅವರು ದೂರು ಕೊಡದಿದ್ದರೂ ತನಿಖೆಯನ್ನು ಅವರವರೆಗೆ ಚಾಚಬಹುದು.

ಇಂದು ಈ ಕಚೇರಿಯನ್ನು ಹೆಚ್ಚು ಕಾಡುತ್ತಿರುವುದು ಮಕ್ಕಳ ದೂರುಗಳು. ವಿಶೇಷ ಅಗತ್ಯದ ಮಗುವಿಗೆ ಏನೇನು ನೆರವು ಬೇಕೆಂಬ ಯೋಜನೆಯನ್ನು ಅರ್ಜಿ ಕೊಟ್ಟ 20 ವಾರದೊಳಗೆ ಕೌನ್ಸಿಲ್ ಅಂತಿಮಗೊಳಿಸಬೇಕು. ಆ ಗಡುವು ಮೀರುವುದು ಎಷ್ಟೋ ಕಡೆ ಮಾಮೂಲಾಗಿದೆ, ಮಗು ಮನೆಯಲ್ಲೇ ಕೂತಿರುತ್ತದೆ. ಹೀಗೆ ಕಳೆದುಹೋದ ಒಂದು ಶಾಲಾ ಅವಧಿಗೆ 900ರಿಂದ 2,400 ಪೌಂಡ್‌ವರೆಗೆ ಕೊಡಿಸುವುದು ರೂಢಿ. ತಪ್ಪಿದ ಪಾಠ ಹಣದಿಂದ ಮರಳಿ ಬರುವುದಿಲ್ಲವೆಂದು ಕೊಡಿಸುವವರಿಗೂ ಗೊತ್ತು.

ಇಷ್ಟೆಲ್ಲ ಹೇಳಿ, ಕೊನೆಗೊಂದು ಬೆರಗಿನ ಸಂಗತಿ. ಒಂಬುಡ್ಸ್‌ಮನ್ ಕೊಡುವುದು ಶಿಫಾರಸು ಮಾತ್ರ. ಪಾಲಿಸಲೇಬೇಕೆಂಬ ಕಾನೂನಿಲ್ಲ. ಆದರೂ ನೂರಕ್ಕೆ 99ಕ್ಕೂ ಹೆಚ್ಚು ಶಿಫಾರಸುಗಳನ್ನು ಕೌನ್ಸಿಲುಗಳು ಪಾಲಿಸುತ್ತವೆ. ಒಪ್ಪದಿದ್ದರೆ ಸಾರ್ವಜನಿಕ ವರದಿ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಇನ್ನೊಂದು ವರದಿ. ಆಮೇಲೂ ಹಟ ಹಿಡಿದರೆ, ತಾನೇಕೆ ಪಾಲಿಸಲಿಲ್ಲ ಎಂಬ ಹೇಳಿಕೆಯನ್ನು ಕೌನ್ಸಿಲ್ ತನ್ನದೇ ಖರ್ಚಿನಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಹಾಕಿಸಬೇಕು. ಮತದಾರರು ಓದುವ ಪತ್ರಿಕೆ ಅದು. 2013ರಿಂದ ನಿರ್ಣಯಗಳು ಸಾಮಾನ್ಯವಾಗಿ ವೆಬ್‌ಸೈಟಿನಲ್ಲೂ ಪ್ರಕಟವಾಗುತ್ತಿವೆ. ಅದರಲ್ಲಿ ದೂರುದಾರರು ಬರೀ ‘ಮಿಸ್ಟರ್ ಎಕ್ಸ್’, ‘ಮಿಸ್ ವೈ’. ಕೌನ್ಸಿಲಿಗೆ ಮಾತ್ರ ಪೂರ್ತಿ ಹೆಸರು.

ನಮ್ಮಲ್ಲಿ ಕರ್ನಾಟಕ ಲೋಕಾಯುಕ್ತ ಕಾಯ್ದೆ ಬಂದದ್ದು 1984ರಲ್ಲಿ. ಲೋಕಾಯುಕ್ತ ಎಂದೊಡನೆ ಜನರಿಗೆ ನೆನಪಾಗುವುದು ದಾಳಿ, ಕಪಾಟಿನಲ್ಲಿ ಸಿಕ್ಕ ನೋಟಿನ ಕಂತೆ. ಆದರೆ ಆ ಕಾಯ್ದೆಯಲ್ಲಿ ‘ಆರೋಪ’ದ ಜೊತೆಗೆ ‘ಕುಂದುಕೊರತೆ’ ಎಂಬ ಇನ್ನೊಂದು ಬಾಗಿಲೂ ಇದೆ. ಅಧಿಕಾರಿ ಲಂಚ ಕೇಳದೆಯೂ ಕೆಲಸ ಕೆಡಿಸಿದ್ದರೆ ಪ್ರಮಾಣಪತ್ರದೊಂದಿಗೆ ಅಲ್ಲಿ ದೂರಬಹುದು. ಉಪಲೋಕಾಯುಕ್ತರು ಜಿಲ್ಲೆಗಳಿಗೆ ಬಂದು ಜನರೆದುರೇ ಅಹವಾಲು ಕೇಳುವುದೂ ಉಂಟು. ಕೊವೆಂಟ್ರಿಯ ಕಚೇರಿಗೆ ಆ ರೂಢಿಯಿಲ್ಲ.

ಕೊವೆಂಟ್ರಿಯ ಕಚೇರಿಗೆ ಬೇರೆ ಮಿತಿಗಳೂ ಸಾಕಷ್ಟಿವೆ. ಬರುವ ದೂರುಗಳಲ್ಲಿ ಬಹುಪಾಲು ವಿವರವಾದ ತನಿಖೆಯವರೆಗೆ ಹೋಗುವುದೇ ಇಲ್ಲ: ಕೆಲವು ಅವಸರದವು, ಕೆಲವು ತಡವಾದವು, ಕೆಲವಕ್ಕೆ ಕಚೇರಿಯೇ ಕೈಹಾಕುವುದಿಲ್ಲ. ಒಂಬುಡ್ಸ್‌ಮನ್‌ಗಳೂ ಹಲವರಿರುವುದರಿಂದ ಯಾವ ಗೋಳನ್ನು ಯಾರ ಮುಂದೆ ಹೇಳುವುದೆಂಬ ಗೊಂದಲ ಬೇರೆ. ಸರ್ಕಾರಿ ಇಲಾಖೆ, ಆಸ್ಪತ್ರೆಗಳನ್ನು ನೋಡುವ ಒಂಬುಡ್ಸ್‌ಮನ್ ಜೊತೆ ಇದನ್ನು ಸೇರಿಸಿ ಒಂದೇ ಬಾಗಿಲು ಮಾಡುವ ಕರಡು ಮಸೂದೆಯನ್ನು ಸರ್ಕಾರ 2016ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದು ಕಾಯ್ದೆಯಾಗಲಿಲ್ಲ.