ತೊಕೈದೊ ದಾರಿ, ಕೊಟ್ಟೂರಿನ ದಾರಿ

ಮಾಘ ಮಾಸ ಬಂತೆಂದರೆ ಕೊಟ್ಟೂರಿನ ದಾರಿಗಳಿಗೆ ಜೀವ ಬರುತ್ತದೆ. ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಗಳಿಂದ ಭಕ್ತರು ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ಮಜ್ಜಿಗೆ, ಊಟ. ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೊರಡುವವರು ಇಂದಿಗೂ ಇದ್ದಾರೆ.

ಇಂಥ ದಾರಿಯ ಬದುಕನ್ನೇ ಚಿತ್ರಿಸಿ ಲೋಕಪ್ರಸಿದ್ಧನಾದವನು ಜಪಾನಿನ ಉತಾಗಾವಾ ಹಿರೋಶಿಗೆ (1797–1858). ಎದೊ, ಅಂದರೆ ಇಂದಿನ ಟೋಕಿಯೊದಿಂದ ಕ್ಯೋಟೊವರೆಗೆ ಸುಮಾರು 500 ಕಿ.ಮೀ. ಉದ್ದದ ತೊಕೈದೊ ಹೆದ್ದಾರಿಯಿತ್ತು. ಅದರಲ್ಲಿ 53 ತಂಗುದಾಣಗಳು. ಅವುಗಳ ಜೊತೆಗೆ ಆರಂಭ, ಅಂತ್ಯಗಳನ್ನೂ ಸೇರಿಸಿ ಹಿರೋಶಿಗೆ ರಚಿಸಿದ 55 ಚಿತ್ರಗಳು 1833–34ರ ಸುಮಾರಿಗೆ ಅಚ್ಚಾದವು.

ಈ ಚಿತ್ರಗಳಲ್ಲಿ ವೀರರ ಯುದ್ಧವಿಲ್ಲ. ಶೋನೊ ಚಿತ್ರದಲ್ಲಿ ದಿಢೀರನೆ ಸುರಿದ ಮಳೆಗೆ ಪಲ್ಲಕ್ಕಿ ಹೊತ್ತವರು ಓಡುತ್ತಾರೆ. ಮಾರಿಕೊದಲ್ಲಿ ಇಬ್ಬರು ಪ್ರಯಾಣಿಕರು ರಸ್ತೆ ಬದಿಯ ಅಂಗಡಿಯಲ್ಲಿ ಕೂತು ಉಣ್ಣುತ್ತಾರೆ. ನಮ್ಮ ಬಸ್ ನಿಲ್ದಾಣದ ಪಕ್ಕದ ಮಂಡಕ್ಕಿ-ಮಿರ್ಚಿ ಅಂಗಡಿ ನೆನಪಾಗದೆ ಇರದು!

ಇವು ಒಬ್ಬನ ಕೈಕೆಲಸವಲ್ಲ. ಕಲಾವಿದ ತೆಳು ಕಾಗದದ ಮೇಲೆ ಬರೆದದ್ದನ್ನು ಚೆರ್ರಿ ಮರದ ಹಲಗೆಗೆ ಅಂಟಿಸಿ, ಕೆತ್ತುವವನು ಗೆರೆಗಳನ್ನು ಮಾತ್ರ ಉಬ್ಬಾಗಿ ಉಳಿಸುತ್ತಿದ್ದ. ಬಣ್ಣಬಣ್ಣಕ್ಕೂ ಬೇರೆ ಅಚ್ಚು. ಮುದ್ರಕ ಬಣ್ಣ ಬಳಿದು, ಕಾಗದವಿಟ್ಟು ಉಜ್ಜುತ್ತಿದ್ದ. ಒಂದೇ ಅಚ್ಚಿನಿಂದ ನೂರಾರು ಪ್ರತಿ ತೆಗೆಯಬಹುದಾದ್ದರಿಂದ ಬೆಲೆ ಅಗ್ಗ, ಸಾಮಾನ್ಯರೂ ಕೊಳ್ಳುತ್ತಿದ್ದರು. ಯುರೋಪಿಗೂ ಹೋದ ಈ ಕಲೆಗೆ ಮನಸೋತ ವ್ಯಾನ್ ಗೋ 1887ರಲ್ಲಿ ಹಿರೋಶಿಗೆಯ ಎರಡು ಚಿತ್ರಗಳನ್ನು ತೈಲವರ್ಣದಲ್ಲಿ ನಕಲು ಮಾಡಿದ.

1889ರಲ್ಲಿ ತೊಕೈದೊ ರೈಲುಮಾರ್ಗ ಪೂರ್ಣಗೊಂಡಿತು. ಕಾಲ್ನಡಿಗೆಯ ಆ ಬದುಕು ಮರೆಯಾಯಿತು, ಚಿತ್ರಗಳು ಉಳಿದವು. ಕೂಡ್ಲಿಗಿಯ ಮೂಲಕ ಈಗ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿ ವಾಹನಗಳ ಭರಾಟೆ. ನಮ್ಮ ಬಂಡಿ, ನೊಗ, ಬುತ್ತಿಗಂಟುಗಳನ್ನು ನಾಳಿನವರಿಗೆ ತೋರಿಸುವವರು ಯಾರು?

ಈ ಕೆಲಸ ಮಕ್ಕಳಿಂದಲೇ ಶುರುವಾಗಬಹುದು. ಅರ್ಧ ಹೋಳು ಮಾಡಿದ ಆಲೂಗಡ್ಡೆಯ ಮೇಲೆ ಬಂಡಿಯ ಗಾಲಿ ಬರೆದು, ಸುತ್ತಲಿನ ಭಾಗವನ್ನು ಹಿರಿಯರ ನೆರವಿನಿಂದ ಕೆತ್ತಿ, ಬಣ್ಣ ಹಚ್ಚಿ ಒತ್ತಿದರೆ ಅಚ್ಚು ಸಿದ್ಧ. ಅಕ್ಷರ ಕೆತ್ತುವುದಾದರೆ ತಿರುಗಾಮುರುಗಾ ಕೆತ್ತಬೇಕೆಂಬುದು ನೆನಪಿರಲಿ. ಜಾತ್ರೆಗೆ ಹೋಗುವಾಗ ಮಗುವಿನ ಕೈಗೊಂದು ಪುಸ್ತಕ, ಪೆನ್ಸಿಲ್ ಕೊಡಿ. ತೇರನ್ನು ಎಲ್ಲರೂ ನೋಡುತ್ತಾರೆ; ದಾರಿಯನ್ನು ಅದು ನೋಡಿ ಬರೆಯಲಿ.