‘ಙ’ ಎಂದರೆ ‘ನಾನು’

ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಅಕ್ಷರ ಯಾವುದೆಂದು ಕೇಳಿದರೆ ಯಾರಾದರೂ ‘ಙ’ ಅಂದುಬಿಡುತ್ತಾರೆ. ಕ, ಖ, ಗ, ಘ ಆದ ಮೇಲೆ ಅದನ್ನೊಮ್ಮೆ ತಿದ್ದಿ ಮುಂದೆ ಹೋಗುತ್ತೇವೆ, ಆಮೇಲೆ ಅದರ ಮುಖ ನೋಡುವುದೇ ಅಪರೂಪ. ಟಿಬೆಟನ್ ಭಾಷೆಯಲ್ಲಿ ಆ ಒಂದೇ ಅಕ್ಷರ ಇಡೀ ಪದ. ‘ಙ’ ಎಂದರೆ ‘ನಾನು’. ಬೈಲಕುಪ್ಪೆಯ ಟಿಬೆಟನ್ ಮಗುವೂ ಕ, ಖ, ಗ, ಙ ಎಂಬ ಕ್ರಮದಲ್ಲೇ ಅಕ್ಷರ ಕಲಿಯುತ್ತದೆ. ಏಳನೇ ಶತಮಾನದಲ್ಲಿ ಥೊನ್ಮಿ ಸಂಭೋಟ ಎಂಬಾತ ಭಾರತಕ್ಕೆ ಬಂದು ಕಲಿತು ಹೋಗಿ ತನ್ನ ನಾಡಿಗೆ ಲಿಪಿ ಕೊಟ್ಟ ಎನ್ನುತ್ತದೆ ಟಿಬೆಟನ್ನರ ಪರಂಪರೆ. ಸಾವಿರದ ಮುನ್ನೂರು ವರ್ಷಗಳ ನಂತರ ಅದೇ ಅಕ್ಷರಗಳು ನೆಲೆ ಕಳೆದುಕೊಂಡ ಮಕ್ಕಳ ಜೊತೆ ಇಲ್ಲಿಗೆ ಮರಳಿ ಬಂದವು.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿದರು. ಅವರ ಬೆನ್ನಿಗೇ ಬಂದ ಸಾವಿರಾರು ಕುಟುಂಬಗಳಿಗೆ ಸಿಕ್ಕ ಮೊದಲ ಕೆಲಸ ಹಿಮಾಲಯದ ತಪ್ಪಲಲ್ಲಿ ರಸ್ತೆ ಕಡಿಯುವುದು. ಅಪ್ಪ, ಅಮ್ಮ ಕಲ್ಲು ಒಡೆಯುತ್ತಿದ್ದರೆ ಮಕ್ಕಳು ರಸ್ತೆ ಬದಿಯ ಡೇರೆಗಳಲ್ಲಿ, ದೂಳಿನಲ್ಲಿ ಬೆಳೆಯುತ್ತಿದ್ದರು. ತಣ್ಣನೆಯ ಎತ್ತರದ ನಾಡಿನಿಂದ ಇಳಿದ ದೇಹಗಳಿಗೆ ಇಲ್ಲಿನ ಸೆಕೆ, ನೀರು, ರೋಗ ಯಾವುದೂ ಒಗ್ಗಲಿಲ್ಲ. 1960ರ ಮೇ 17ರಂದು ಜಮ್ಮುವಿನ ಇಂಥ ರಸ್ತೆ ಕ್ಯಾಂಪುಗಳಿಂದ 51 ಮಕ್ಕಳು ಧರ್ಮಶಾಲಾಕ್ಕೆ ಬಂದಿಳಿದರು. ಹೊಟ್ಟೆಗಿಲ್ಲದೆ ಸೊರಗಿದವರು, ಕಾಯಿಲೆ ಬಿದ್ದವರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಈ ಮಕ್ಕಳನ್ನು ನೋಡಿಕೊಳ್ಳಲು ಮುಂದೆ ಬಂದರು. ಇವತ್ತಿನ ಟಿಬೆಟನ್ ಮಕ್ಕಳ ಗ್ರಾಮ, ಅಂದರೆ ಟಿಸಿವಿ ಶಾಲೆಗಳ ಬೇರು ಅಲ್ಲಿದೆ. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆಟ್ಸನ್ ಪೆಮಾ ಹೊಣೆ ಹೊತ್ತು ದಶಕಗಳ ಕಾಲ ನಡೆಸಿದರು.

ಆ ಹೆಂಗಸರಿಗೆ ಒಂದು ವಿಷಯ ಬೇಗ ಅರ್ಥವಾಗಿತ್ತು: ಈ ಮಕ್ಕಳಿಗೆ ಪಾಠಕ್ಕಿಂತ ಮೊದಲು ಮನೆ ಬೇಕು. ನೂರಾರು ಮಕ್ಕಳನ್ನು ಒಂದೇ ಹಾಲ್‌ನಲ್ಲಿ ಮಲಗಿಸುವ ಪದ್ಧತಿ ಬಿಟ್ಟು, ಸಣ್ಣ ಸಣ್ಣ ಮನೆಗಳನ್ನು ಮಾಡಿ, ಪ್ರತಿ ಮನೆಗೂ ಒಬ್ಬ ಸಾಕುತಾಯಿಯನ್ನು ನೇಮಿಸಿದರು. ಮಕ್ಕಳು ಆಕೆಯನ್ನು ‘ಅಮಾ-ಲಾ’ ಎಂದು ಕರೆಯುತ್ತಾರೆ. ದೊಡ್ಡವರು ಚಿಕ್ಕವರ ತಲೆ ಬಾಚಬೇಕು, ಎಲ್ಲರೂ ಸೇರಿ ಅಡುಗೆಗೆ ಕೈ ಹಾಕಬೇಕು. ಸಂಜೆ ಶಾಲೆಯಿಂದ ಬಂದಾಗ ‘ಏನಾಯ್ತು ಇವತ್ತು?’ ಎಂದು ತನ್ನ ಭಾಷೆಯಲ್ಲಿ ಕೇಳುವ ಒಬ್ಬರು ಬಾಗಿಲಲ್ಲಿ ಇರುತ್ತಾರೆ. ಮಸ್ಸೂರಿಯಲ್ಲಿ ರಿಂಚೆನ್ ಡೋಲ್ಮಾ ತಾರಿಂಗ್ ಅವರು ಕಟ್ಟಿದ ಟಿಬೆಟನ್ ಹೋಮ್ಸ್ ಕೂಡ ಇದೇ ದಾರಿ ಹಿಡಿಯಿತು.

ಸರ್ಕಾರದ ಕಡೆಯಿಂದ ನೆಹರೂ ತಳೆದ ನಿಲುವನ್ನು ಇಲ್ಲಿ ನೆನೆಯಲೇಬೇಕು. ಈ ಮಕ್ಕಳನ್ನು ಊರೂರಿನ ಶಾಲೆಗಳಿಗೆ ಚದುರಿಸಿಬಿಡುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಟಿಬೆಟನ್ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿರಲಿ, ತಮ್ಮ ಭಾಷೆ, ಚರಿತ್ರೆ ಕಲಿಯಲಿ, ಜೊತೆಗೆ ಇಂಗ್ಲಿಷ್ ಮತ್ತು ಆಧುನಿಕ ವಿದ್ಯೆಯೂ ಬರಲಿ ಎಂದರು. 1961ರಲ್ಲಿ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಇದಕ್ಕೆಂದೇ ಸಂಸ್ಥೆ ಹುಟ್ಟಿತು. ಖರ್ಚು ಭಾರತ ಸರ್ಕಾರದ್ದು. ಅದೇ ಹೊತ್ತಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು ಬಳಿಯ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ವಸತಿಗಳಾದವು.

ಬೈಲಕುಪ್ಪೆಗೆ ಹೋಗುವ ನಮ್ಮಲ್ಲಿ ಹೆಚ್ಚಿನವರು ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ಕುಶಾಲನಗರದ ಬಸ್ಸು ಹತ್ತುತ್ತೇವೆ. ಹಳೇ ಕ್ಯಾಂಪಿನ ಶಾಲೆಗಳ ಮುಂದೆ ನಿಲ್ಲುವವರು ಕಡಿಮೆ. ಚಳಿಗಾಲದಲ್ಲಿ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವ ಟಿಬೆಟನ್ ದಂಪತಿಗಳನ್ನು ಎಲ್ಲರೂ ನೋಡಿದ್ದೇವೆ. ಆ ತಿಂಗಳುಗಳಲ್ಲಿ ಅವರ ಮಕ್ಕಳು ಎಲ್ಲಿರುತ್ತಾರೆಂದು ಕೇಳಿದ್ದು ನೆನಪಿದೆಯೇ? ಎಷ್ಟೋ ಮಕ್ಕಳು ಹಾಸ್ಟೆಲಿನಲ್ಲಿ, ಅಜ್ಜಿಯ ಬಳಿ ಇರುತ್ತಾರೆ.

ಈ ಶಾಲೆಗಳ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರು ತಮ್ಮ ದಾರಿಯನ್ನು ತಾವೇ ತಿದ್ದಿಕೊಂಡದ್ದು. ಮೊದಮೊದಲು ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮವಿತ್ತು. ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು, ಅರ್ಥ ಒಳಗೆ ಇಳಿಯುತ್ತಿರಲಿಲ್ಲ; ತಮ್ಮ ಭಾಷೆಯೂ ಸಡಿಲವಾಗುತ್ತಿತ್ತು. 1980ರ ದಶಕದಲ್ಲಿ ಟಿಸಿವಿ ಶಾಲೆಗಳು ಪ್ರಾಥಮಿಕ ಪಾಠಗಳನ್ನು ಟಿಬೆಟನ್ ಭಾಷೆಗೆ ತರತೊಡಗಿದವು. ಗಣಿತಕ್ಕೆ, ವಿಜ್ಞಾನಕ್ಕೆ ಪಠ್ಯ ಬರೆಯಬೇಕಿತ್ತು, ಪಾರಿಭಾಷಿಕ ಪದಗಳನ್ನು ಕಟ್ಟಬೇಕಿತ್ತು. ಕೈಯಲ್ಲಿ ರಾಜ್ಯವಿಲ್ಲದ ಒಂದು ಸಮುದಾಯ ಆ ಕೆಲಸ ಮಾಡಿತು. 2004ರಲ್ಲಿ ಅವರ ಶಿಕ್ಷಣ ನೀತಿಯೇ ತಾಯ್ನುಡಿಯ ಮೂಲಕ ಪ್ರಾಥಮಿಕ ಶಿಕ್ಷಣ ಎಂದು ಸಾರಿತು. ಮೇಲಿನ ತರಗತಿಯಲ್ಲಿ ಇಂಗ್ಲಿಷಿಗೆ ಹೊರಳುವಾಗ ಮಕ್ಕಳು ತಡವರಿಸುವುದು ನಿಜ. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಬಂದವರಿಗೆ ಆ ತಡವರಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಕೆನಡಾದಲ್ಲಿ ವಲಸೆ ಬಂದವರ ಮಕ್ಕಳನ್ನು ಅಧ್ಯಯನ ಮಾಡಿದ ಜಿಮ್ ಕಮ್ಮಿನ್ಸ್ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಹೊಸ ಭಾಷೆಯಲ್ಲಿ ಆಡಿಕೊಳ್ಳಲು, ಅಂಗಡಿಯಲ್ಲಿ ಚೌಕಾಸಿ ಮಾಡಲು ಮಗುವಿಗೆ ಸುಮಾರು ಎರಡು ವರ್ಷ ಸಾಕು. ಅದೇ ಭಾಷೆಯಲ್ಲಿ ಪಾಠ ಅರಗಿಸಿಕೊಳ್ಳಲು ಐದರಿಂದ ಏಳು ವರ್ಷ ಬೇಕು. ಆಟದ ಬಯಲಲ್ಲಿ ಪಟಪಟ ಮಾತಾಡುವ ಹುಡುಗಿ ದ್ಯುತಿಸಂಶ್ಲೇಷಣೆಯ ಪ್ರಶ್ನೆಗೆ ಸುಮ್ಮನೆ ನಿಂತರೆ ಮೇಷ್ಟ್ರು ಸೋಮಾರಿ ಎನ್ನುತ್ತಾರೆ. ಇನ್ನು ಕೆಲವು ಮಕ್ಕಳು ಮೊದಲ ತಿಂಗಳುಗಳಲ್ಲಿ ಬಾಯಿಯೇ ಬಿಡುವುದಿಲ್ಲ. ಅವರು ಆಗ ಕಿವಿಯಿಂದ ಕಲಿಯುತ್ತಿರುತ್ತಾರೆ, ಕಾಯಬೇಕು. ‘ರಜೆಯಲ್ಲಿ ಅಜ್ಜಿಯ ಮನೆ’ ಎಂದು ಪ್ರಬಂಧ ಬರೆಸುವ ಮುಂಚೆ, ಅಜ್ಜಿಯ ಮನೆ ಗಡಿಯಾಚೆ ಉಳಿದುಹೋದ ಮಗು ತರಗತಿಯಲ್ಲಿ ಇದೆಯೇ ಎಂದು ಒಮ್ಮೆ ನೋಡಬೇಕು.

ಟಿಬೆಟನ್ನರಿಗೆ ದೊರೆತ ಈ ಔದಾರ್ಯ ಎಲ್ಲ ನಿರಾಶ್ರಿತರಿಗೂ ಇಲ್ಲಿ ದೊರೆತಿಲ್ಲ. ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳು ದೆಹಲಿ, ಹೈದರಾಬಾದಿನಲ್ಲಿವೆ, ಬೆಂಗಳೂರಿನ ಉತ್ತರದ ಅಂಚಿನಲ್ಲೂ ಕಸ ವಿಂಗಡಿಸಿ ಬದುಕುತ್ತಿವೆ. ಆ ಮಕ್ಕಳು ಶಾಲೆಯ ಬಾಗಿಲಿಗೆ ಬಂದಾಗ ಎದುರಾಗುವ ಮೊದಲ ಪ್ರಶ್ನೆ ಆಧಾರ್ ಎಲ್ಲಿ ಎಂಬುದು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಈ ಮಕ್ಕಳು ಸರ್ಕಾರಿ ಶಾಲೆಗಳಿಗೆ ಅರ್ಜಿ ಹಾಕಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದಿತು. ಏಳು ವರ್ಷದ ಮಗುವಿನ ತಂದೆ ಒಂದನೇ ತರಗತಿಗಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾದ ಸ್ಥಿತಿ ನಮ್ಮ ನಾಡಿಗೆ ಒಪ್ಪುವಂಥದ್ದಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ‘ಮಗು’ ಎನ್ನುತ್ತದೆ, ‘ಪ್ರಜೆ’ ಎನ್ನುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆಯ ಮುಖವನ್ನೇ ನೋಡದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಇದೆಲ್ಲ ಕಾಯ್ದೆಯಲ್ಲೇ ಬರೆದಿದೆ.

ಹಾಗಾಗಿ ನಮ್ಮ ಹೆಡ್‌ಮಾಸ್ಟರುಗಳಲ್ಲಿ ಒಂದು ಕೋರಿಕೆ. ಕಾಗದವಿಲ್ಲದ ಮಗು ಬಾಗಿಲಲ್ಲಿ ನಿಂತರೆ ಮೊದಲು ಒಳಗೆ ಕೂರಿಸಿ, ದಾಖಲೆಯ ಮಾತು ಆಮೇಲೆ ಆಡಿ. ಅದರ ಹೆಸರನ್ನು ಅಪ್ಪ, ಅಮ್ಮ ಹೇಳುವ ಹಾಗೆಯೇ ಹೇಳಲು ಕಲಿಯಿರಿ. ಅದರ ಭಾಷೆಯಲ್ಲಿ ‘ನಾನು’ ಎನ್ನಲು ಏನೆನ್ನುತ್ತಾರೆ ಎಂದು ಕೇಳಿ, ತರಗತಿಯ ಉಳಿದ ಮಕ್ಕಳಿಗೂ ಕಲಿಸಿ.