ಬೂದಿಯಾದ ಬಂಪರು ಮತ್ತೆ ಕಪ್ಪಾಗುವುದು ಹೇಗೆ?

ಏಳೆಂಟು ವರ್ಷ ಬಿಸಿಲಲ್ಲೇ ನಿಂತ ಒಂದು ಕಾರನ್ನು ಗಮನಿಸಿ ನೋಡಿ. ತಗಡಿನ ಮೇಲಿನ ಬಣ್ಣ ಇನ್ನೂ ಹೊಳೆಯುತ್ತಿರುತ್ತದೆ. ಆದರೆ ಬಣ್ಣ ಬಳಿಯದೆ ಹಾಗೆಯೇ ಬಿಟ್ಟ ಕಪ್ಪು ಪ್ಲಾಸ್ಟಿಕ್ ಭಾಗಗಳು, ಅಂದರೆ ಬಂಪರು, ಬಾಗಿಲಿನ ಬೀಡಿಂಗು, ಪಕ್ಕದ ಕನ್ನಡಿಯ ಕವಚ, ವೈಪರಿನ ಬುಡದ ಜಾಲರಿ, ಇವೆಲ್ಲ ಬೂದಿ ಬಳಿದಂತೆ ಕಾಣುತ್ತವೆ. ಜೊತೆಗೆ ಗೋಡೆಗೆ, ಬೈಕಿನ ಹಿಡಿಗೆ ಉಜ್ಜಿದ ಗೀರುಗಳು. "ಬಣ್ಣ ಹೋಗಿದೆ ಸಾರ್, ಬಂಪರನ್ನೇ ಬದಲಾಯಿಸಿಬಿಡಿ" ಎಂಬ ಸಲಹೆ ಗ್ಯಾರೇಜಿನಲ್ಲಿ ಸುಲಭವಾಗಿ ಸಿಗುತ್ತದೆ. ಹಾಗೆ ಮಾಡಿದರೆ ಕೆಲವು ಸಾವಿರ ರೂಪಾಯಿ ಖರ್ಚು, ಮೇಲೆ ಗುಜರಿಗೆ ಇನ್ನೊಂದು ಗಟ್ಟಿ ಬಂಪರು.

ಹಣ ಕೊಡುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಬೂದಿಯಾದ ಭಾಗವನ್ನು ಚೆನ್ನಾಗಿ ತೊಳೆದು, ಒದ್ದೆ ಬಟ್ಟೆಯಿಂದ ಒರೆಸಿ. ಒಡನೆ ಅದು ಕಪ್ಪಾಗುತ್ತದೆ. ನೀರು ಆರಿದರೆ ಮತ್ತೆ ಬೂದಿ. ನೀರಿಗೆ ಬಣ್ಣವಿಲ್ಲ. ಹಾಗಾದರೆ ಆ ಕಪ್ಪು ಎಲ್ಲಿಂದ ಬಂತು?

ಎಲ್ಲಿಂದಲೂ ಬರಲಿಲ್ಲ, ಅದು ಅಲ್ಲೇ ಇತ್ತು. ಪ್ಲಾಸ್ಟಿಕ್ಕಿಗೆ ಕಪ್ಪು ಕೊಡುವುದು ಸಾಮಾನ್ಯವಾಗಿ ಇಂಗಾಲದ ಅತಿ ನುಣುಪಾದ ಮಸಿ. ಬಿಸಿಲಿಗೆ ಮಸಿ ಮಾಸುವುದಿಲ್ಲ. ಕೆಟ್ಟಿರುವುದು ಮಸಿಯನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್ಕಿನ ಮೇಲ್ಮೈ. ಸ್ಲೇಟಿನಲ್ಲಿ ಅಕ್ಷರ ತಿದ್ದಿದವರಿಗೆ ಇದು ಹೊಸದಲ್ಲ. ಒದ್ದೆ ಸ್ಲೇಟು ಕಡುಗಪ್ಪು, ಆರಿದ ಸ್ಲೇಟು ಬೂದು. ಎಣ್ಣೆ ಸವರಿದ ಕರಿಕಲ್ಲಿನ ಮೂರ್ತಿಯೂ ಹೀಗೆಯೇ.

ಬೆಳಕು ಗಾಳಿಯಿಂದ ಪ್ಲಾಸ್ಟಿಕ್ಕಿಗೆ ನೇರವಾಗಿ ಬಿದ್ದಾಗ ಸುಮಾರು ಶೇ. 4ರಷ್ಟು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದದ್ದು ಒಳಹೊಕ್ಕು ಮಸಿಯಲ್ಲಿ ಹೀರಿಹೋಗುತ್ತದೆ. ಮೇಲ್ಮೈ ನುಣುಪಾಗಿದ್ದರೆ ಹಿಂದಿರುಗಿದ ಆ ಅಲ್ಪ ಬೆಳಕು ಒಂದೇ ದಿಕ್ಕಿಗೆ ಹೋಗಿ ಹೊಳಪಾಗಿ ಕಾಣುತ್ತದೆ. ಮೇಲ್ಮೈ ಬಿರಿದು ಸಾವಿರಾರು ಸೂಕ್ಷ್ಮ ಅಂಚುಗಳಾದರೆ ಪ್ರತಿ ಅಂಚಿನಲ್ಲೂ ಬೆಳಕು ಚದರಿ ಎಲ್ಲ ದಿಕ್ಕಿಗೂ ಹರಡುತ್ತದೆ. ಅದನ್ನೇ ಕಣ್ಣು ಬೂದು ಎನ್ನುತ್ತದೆ. ಆ ಬಿರುಕುಗಳಲ್ಲಿ ನೀರು ತುಂಬಿದರೆ ಏನಾಗುತ್ತದೆ? ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ಈ ಪ್ಲಾಸ್ಟಿಕ್ಕಿನದು ಸುಮಾರು 1.49. ಅಂತರ ಕಡಿಮೆಯಾದ್ದರಿಂದ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಹಿಂದಿರುಗುವ ಬೆಳಕು ಶೇ. 4ರಿಂದ ಶೇ. 0.3ರ ಆಸುಪಾಸಿಗೆ ಇಳಿಯುತ್ತದೆ. ಖನಿಜ ತೈಲದ ವಕ್ರೀಭವನಾಂಕ ಸುಮಾರು 1.47. ಅಲ್ಲಿ ಅಂಚು ಬಹುತೇಕ ಮಾಯವೇ ಆಗಿಬಿಡುತ್ತದೆ. ಗ್ಯಾರೇಜಿನವರು ಡೀಸೆಲ್ ಒರೆಸಿದಾಗ ಬಂಪರು ಹೊಸದರಂತಾಗುವ ಗುಟ್ಟು ಇಷ್ಟೆ.

ಇನ್ನು ಮೇಲ್ಮೈ ಬಿರಿಯುವುದೇಕೆ ಎಂಬ ಪ್ರಶ್ನೆ. ಬಂಪರಿನ ಒಳಮೈಯಲ್ಲಿ ಅಚ್ಚೊತ್ತಿದ ಅಕ್ಷರಗಳನ್ನು ಹುಡುಕಿ. ಇಂಗ್ಲಿಷಿನಲ್ಲಿ 'ಪಿಪಿ', 'ಇಪಿಡಿಎಂ', 'ಟಿ 20' ಎಂಬಂಥ ಗುರುತು ಸಿಗಬಹುದು. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದರ ಕ್ರಮಬದ್ಧ ರೂಪವನ್ನು ತಯಾರಿಸಿದರು. 1963ರಲ್ಲಿ ಕಾರ್ಲ್ ಝೀಗ್ಲರ್ ಜೊತೆ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಇಪಿಡಿಎಂ ಎಂಬುದು ಪೆಟ್ಟು ತಡೆಯಲು ಬೆರೆಸಿದ ರಬ್ಬರು. ಟಿ 20 ಎಂದರೆ ಶೇ. 20ರಷ್ಟು ಟಾಲ್ಕ್, ಅಂದರೆ ನಮ್ಮ ಬಳಪದ ಕಲ್ಲಿನ ಮುಖ್ಯ ಖನಿಜ. ಸ್ಲೇಟಿನ ಮಾತು ಸುಮ್ಮನೆ ಬರಲಿಲ್ಲ, ಬಂಪರಿನೊಳಗೆ ನಿಜವಾಗಿಯೂ ಬಳಪವಿದೆ!

ಪಾಲಿಪ್ರೊಪಿಲೀನ್ ಅಣುವು ಇಂಗಾಲದ ಉದ್ದನೆಯ ಸರಪಣಿ. ಅದರಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಮಿಥೈಲ್ ಗುಂಪು ಅಂಟಿಕೊಂಡಿದೆ. ಆ ಇಂಗಾಲದ ಮೇಲಿನ ಹೈಡ್ರೊಜನ್ ಸಡಿಲ. ನೆಲ ತಲಪುವ ಅತಿನೇರಳೆ ಕಿರಣಗಳಲ್ಲಿ 300 ನ್ಯಾನೊಮೀಟರಿನ ಒಂದು ಫೋಟಾನಿನ ಶಕ್ತಿ ಸುಮಾರು 4.1 ಎಲೆಕ್ಟ್ರಾನ್ ವೋಲ್ಟ್. ಇಂಗಾಲ–ಇಂಗಾಲ ಬಂಧ ಮುರಿಯಲು ಸುಮಾರು 3.6 ಸಾಕು. ಶುದ್ಧ ಪಾಲಿಪ್ರೊಪಿಲೀನ್ ಈ ಕಿರಣವನ್ನು ಹೆಚ್ಚು ಹೀರುವುದಿಲ್ಲ. ತಯಾರಿಕೆಯಲ್ಲಿ ಉಳಿದ ಕಲ್ಮಶಗಳು ಹೀರುತ್ತವೆ. ಅಲ್ಲಿಂದ ಸ್ವತಂತ್ರ ರಾಡಿಕಲ್‌ಗಳು ಹುಟ್ಟಿ, ಗಾಳಿಯ ಆಕ್ಸಿಜನ್ ಸೇರಿ, ಸರಪಣಿ ತುಂಡುತುಂಡಾಗುತ್ತ ಹೋಗುತ್ತದೆ. ತಯಾರಕರು ಮಸಿಯ ಜೊತೆಗೆ ರಾಡಿಕಲ್‌ಗಳನ್ನು ಹಿಡಿಯುವ ಅಮೀನ್ ಸ್ಥಿರಕಾರಿಗಳನ್ನೂ ಬೆರೆಸಿರುತ್ತಾರೆ. ಕಾಲಕ್ರಮದಲ್ಲಿ ಅವು ಮುಗಿಯುತ್ತವೆ. ಆದರೆ ಮಸಿ ಕಿರಣಗಳನ್ನು ಮೇಲುಗಡೆಯೇ ಹೀರಿಬಿಡುವುದರಿಂದ ಹಾನಿ ತೆಳುವಾದ ಪದರಕ್ಕೆ ಸೀಮಿತ. ತುಂಡಾದ ಪ್ಲಾಸ್ಟಿಕ್ ಮಳೆಗೆ ತೊಳೆದುಹೋದಾಗ ಒಳಗಿದ್ದ ಬಳಪದ ಕಣಗಳು ಹೊರಗೆ ಇಣುಕುತ್ತವೆ. ಬೆರಳಿಗೆ ಬಿಳಿ ಪುಡಿ ಅಂಟಿದರೆ ಅದು ಬಹುಮಟ್ಟಿಗೆ ಇದೇ.

ಎಲ್ಲ ಬಿಳುಪೂ ಬಿಸಿಲಿನದಲ್ಲ, ಇದನ್ನು ನೆನಪಿಡಿ. ಪ್ಲಾಸ್ಟಿಕ್ಕಿನ ಒರಟು ಕುಳಿಗಳಲ್ಲಿ ಕಾರಿನ ಪಾಲಿಷ್ ಸಿಕ್ಕಿಕೊಂಡು ಒಣಗಿದರೂ ಬಿಳಿ ಕಲೆಯಾಗುತ್ತದೆ. ಅದಕ್ಕೆ ಸೋಪಿನ ನೀರು, ಮೆತ್ತನೆಯ ಬ್ರಷ್ಷು ಸಾಕು. ಇನ್ನೊಂದು ವಾಹನದ ಬಣ್ಣ ಉಜ್ಜಿ ಅಂಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿ ನೋಡಬಹುದು. ಮೂರನೆಯದು ಸ್ವಾರಸ್ಯಕರ. ಪ್ಲಾಸ್ಟಿಕ್ ಪಟ್ಟಿಯೊಂದನ್ನು ಮಡಚಿದರೆ ಮಡಿಕೆಯಲ್ಲಿ ಬೆಳ್ಳಗಾಗುವುದನ್ನು ಕಂಡಿದ್ದೀರಿ. ಎಳೆತಕ್ಕೆ ಒಳಗಿನ ರಬ್ಬರು, ಟಾಲ್ಕ್ ಕಣಗಳ ಸುತ್ತ ಸೂಕ್ಷ್ಮ ಟೊಳ್ಳುಗಳಾಗಿ ಬೆಳಕು ಚದರುತ್ತದೆ. ಬಂಪರಿಗೆ ಏನೋ ತಾಗಿ ಬೆಳ್ಳಗಾದ ಗುರುತಿನಲ್ಲಿ ಇಂಥ ಟೊಳ್ಳುಗಳು ಬಹಳ. ಇದಕ್ಕೆ ಎಣ್ಣೆ ಸವರಿ ಪ್ರಯೋಜನವಿಲ್ಲ, ಟೊಳ್ಳಿರುವುದು ಒಳಗೆ.

ಬಿಸಿ ಗಾಳಿಯ ಗನ್ನು ನಿಜಕ್ಕೂ ಕೆಲಸ ಮಾಡುವುದು ಇಲ್ಲಿ. ಮೆದುವಾದ ಪ್ಲಾಸ್ಟಿಕ್ ತನ್ನ ಹಳೆಯ ಆಕಾರಕ್ಕೆ ಸಡಿಲಗೊಂಡು ಟೊಳ್ಳುಗಳು ಮುಚ್ಚಿಕೊಳ್ಳುತ್ತವೆ. ಬಿಸಿಲಿಗೆ ಬೂದಿಯಾದ ಮೇಲ್ಮೈಯೂ ಶಾಖಕ್ಕೆ ತುಸು ಕರಗಿ, ಬಿರುಕು ಕೂಡಿಕೊಂಡು, ಕಣ್ಣೆದುರೇ ಕಪ್ಪಾಗುತ್ತದೆ. ನೋಡಲು ಚಂದ, ಆದರೆ ನನಗೆ ಈ ಉಪಾಯದ ಮೇಲೆ ಅಷ್ಟು ನಂಬಿಕೆಯಿಲ್ಲ. ಮುಗಿದುಹೋದ ಸ್ಥಿರಕಾರಿ ಶಾಖದಿಂದ ಮರಳಿ ಬರುವುದಿಲ್ಲ, ತುಂಡಾದ ಸರಪಣಿ ಜೋಡಣೆಯಾಗುವುದಿಲ್ಲ. ಮೇಲೆ ಲೇಪ ಕೊಡದಿದ್ದರೆ ಅದೇ ಬಿಸಿಲು ಅದೇ ಕೆಲಸ ಮುಂದುವರಿಸುತ್ತದೆ. ಅಪಾಯವೂ ಇದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗನ್ನಿನ ಗಾಳಿ 300 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಒಂದೇ ಕಡೆ ಹಿಡಿದರೆ ಮೇಲ್ಮೈಯ ಅಚ್ಚು ಅಳಿಸಿ ಹೊಳೆಯುವ ಕಲೆ ಉಳಿಯುತ್ತದೆ, ಅದನ್ನು ತೆಗೆಯಲಾಗದು. ಗೇಣಿನಷ್ಟು ದೂರವಿಟ್ಟು ಆಡಿಸುತ್ತಲೇ ಇರಬೇಕು. ಬಣ್ಣದ ತಗಡು, ಗಾಜುಗಳ ಹತ್ತಿರ ಬೇಡ. ಗ್ಯಾಸಿನ ಜ್ವಾಲೆಯಂತೂ ಬೇಡವೇ ಬೇಡ, ಈ ಪ್ಲಾಸ್ಟಿಕ್ ಚೆನ್ನಾಗಿ ಉರಿಯುತ್ತದೆ.

ಎಣ್ಣೆಗಳ ವಿಷಯ ಬೇಗ ಮುಗಿಸಬಹುದು. ಕೊಬ್ಬರಿ ಎಣ್ಣೆ ಒಂದೆರಡು ಮಳೆಗೆ ಹೋಗುತ್ತದೆ, ಅಷ್ಟರಲ್ಲಿ ಧೂಳು ಮೆತ್ತಿಕೊಂಡಿರುತ್ತದೆ. ಡೀಸೆಲ್ ಪಾಲಿಪ್ರೊಪಿಲೀನಿನೊಳಕ್ಕೆ ಇಳಿದು ಅದನ್ನು ಉಬ್ಬಿಸುತ್ತದೆ. ಬಳಸಿ ಬಿಟ್ಟ ಎಂಜಿನ್ ಆಯಿಲನ್ನು ಕೈಯಿಂದ ಮುಟ್ಟಲೇಬಾರದು, ಅದರಲ್ಲಿ ಕ್ಯಾನ್ಸರ್‌ಕಾರಕ ಹೈಡ್ರೊಕಾರ್ಬನ್‌ಗಳಿವೆ. ಅಂಗಡಿಯಲ್ಲಿ ಸಿಗುವ ಹಾಲಿನಂಥ ಡ್ರೆಸಿಂಗ್‌ಗಳಲ್ಲಿ ಬಹುಪಾಲು ನೀರಿನಲ್ಲಿ ಕದಡಿದ ಸಿಲಿಕೋನ್ ಎಣ್ಣೆ. ಇವು ಹಾನಿ ಮಾಡವು, ಆದರೆ ಮತ್ತೆ ಮತ್ತೆ ಹಚ್ಚಬೇಕು. ಬ್ರೇಕಿನ ಡಿಸ್ಕು, ಪೆಡಲು, ಮುಂದಿನ ಗಾಜು ಇವುಗಳ ಮೇಲೆ ಸಿಡಿಯದಂತೆ ಬಟ್ಟೆಗೆ ಹಾಕಿಕೊಂಡು ಸವರಿ.

ಹೆಚ್ಚು ಕಾಲ ನಿಲ್ಲುವುದು ಗಟ್ಟಿಯಾಗಿ ಒಣಗುವ ರಾಳದ ಲೇಪ. ಬಿರುಕಿಗೆ ಇಳಿದು, ಅಲ್ಲೇ ಗಟ್ಟಿಯಾಗಿ, ನುಣುಪಾದ ಹೊಸ ಮೇಲ್ಮೈ ಕೊಡುತ್ತದೆ. ಅತಿನೇರಳೆ ತಡೆಯುವ ವಸ್ತು ಬೆರೆತಿದ್ದರೆ ಇನ್ನೂ ಒಳ್ಳೆಯದು. ಇದರ ಯಶಸ್ಸು ಪೂರ್ತಿ ತೊಳೆಯುವುದರಲ್ಲಿದೆ. ಸೋಪಿನಿಂದ ಉಜ್ಜಿ, ಆರಿಸಿ, ಹಳೆಯ ಸಿಲಿಕೋನ್ ಮತ್ತು ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೆಗೆದು, ನೆರಳಿನಲ್ಲಿ ತೆಳುವಾಗಿ ಹಚ್ಚಬೇಕು. ಬೆರಳಿಗೆ ಬಿಳಿ ಪುಡಿ ಅಂಟುವುದು ನಿಲ್ಲುವ ತನಕ ಉಜ್ಜಿ. ಪುಡಿಯ ಮೇಲೆ ಹಚ್ಚಿದ ಲೇಪ ಪುಡಿಯ ಜೊತೆಗೇ ಬೀಳುತ್ತದೆ.

ಕಪ್ಪು ಬಣ್ಣದ ಸ್ಪ್ರೇ ಹೊಡೆದರೆ ಹೇಗೆ? ಪಾಲಿಪ್ರೊಪಿಲೀನಿಗೆ ಯಾವುದೂ ಸುಲಭಕ್ಕೆ ಅಂಟದು. ಅದರ ಮೇಲ್ಮೈ ಶಕ್ತಿ ಕಡಿಮೆ, ಬಣ್ಣ ಹರಡುವ ಬದಲು ಹನಿಗೂಡುತ್ತದೆ. ಕಾರ್ಖಾನೆಯಲ್ಲಿ ಬಂಪರಿಗೆ ಬಣ್ಣ ಕೊಡುವ ಮೊದಲು ಕ್ಷಣಕಾಲ ಜ್ವಾಲೆ ತೋರಿಸಿ ಮೇಲ್ಮೈಯನ್ನು ಆಕ್ಸಿಡೀಕರಿಸುವುದುಂಟು. ವರ್ಕ್‌ಶಾಪುಗಳಲ್ಲಿ ಕ್ಲೋರಿನ್ ಸೇರಿಸಿದ ಪಾಲಿಒಲೆಫಿನ್ ಪ್ರೈಮರ್ ಬಳಸುತ್ತಾರೆ. ಇವಾವುದೂ ಇಲ್ಲದೆ ಬಳಿದ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಮರಳುಕಾಗದದಿಂದ ಉಜ್ಜುವ ಆಸೆಯನ್ನೂ ಬಿಡಿ, ಒರಟು ಅಚ್ಚು ಹೋದರೆ ಬಣ್ಣ ಬಳಿಯದೆ ಬೇರೆ ದಾರಿಯಿಲ್ಲ.

ಉಗುರಿಗೆ ಸಿಗುವಷ್ಟು ಆಳದ ಗೀರು ಯಾವ ಲೇಪದಿಂದಲೂ ತುಂಬುವುದಿಲ್ಲ, ಕಪ್ಪಾಗಿ ಮರೆಯಾಗುತ್ತದೆ ಅಷ್ಟೆ. ಹೆಬ್ಬೆರಳಿನಿಂದ ಒತ್ತಿದಾಗ ಬಿರುಕು ಬಾಯಿ ತೆರೆಯುವ, ಕೊಂಡಿಗಳು ಮುರಿದುಹೋದ ಬಂಪರನ್ನು ಮಾತ್ರ ಬದಲಾಯಿಸಲೇಬೇಕು.

ಲೇಪ ಹಚ್ಚಿದ ಮೇಲೆ ತಿಂಗಳಿಗೊಮ್ಮೆ ಕಾರು ತೊಳೆಯುವಾಗ ನೀರಿನ ಹನಿಗಳನ್ನು ನೋಡಿ. ಗುಂಡಾಗಿ ನಿಂತರೆ ಲೇಪ ಇನ್ನೂ ಇದೆ. ನೀರು ಹರಡಿ, ಅದರಡಿಯ ಪ್ಲಾಸ್ಟಿಕ್ ಸುತ್ತಲಿಗಿಂತ ಕಪ್ಪಾಗಿ ಕಂಡರೆ ಲೇಪ ಅಲ್ಲಿ ಸವೆದಿದೆ. ಅಷ್ಟು ಜಾಗವನ್ನು ತೊಳೆದು ಮತ್ತೆ ಹಚ್ಚಿದರೆ ಸಾಕು.